ಆಲ್ಡರ್ ಮರಗಳ ಪ್ರಭೇದ ಗುರುತಿಸಲು ಡಿಎನ್‌ಎ ಮಾರ್ಕರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನವು ಹೊಸಬರಿಗೆ. ಕೊನೆಯವು ಲ್ಯಾಬಿನಲ್ಲಿ ಆಗಲೇ ಕೆಲಸ ಶುರು ಮಾಡಿದವರಿಗೆ.

## ಶುರುವಿನ ಪ್ರಶ್ನೆಗಳು

ಆಲ್ಡರ್ ಅಂದ್ರೆ ಯಾವ ಮರ? ನಮ್ಮ ಕಡೆ ಇದೆಯಾ?

ಕರ್ನಾಟಕದ ಕಾಡುಗಳಲ್ಲಿ ಇಲ್ಲ. ಆಲ್ನಸ್ ಎಂಬ ಕುಲದ ಮರಗಳನ್ನು ಆಲ್ಡರ್ ಅನ್ನುತ್ತಾರೆ. ಬರ್ಚ್ ಮರದ ಹತ್ತಿರದ ನೆಂಟರು. ಹೊಳೆ ದಂಡೆ, ಜೌಗು ನೆಲ, ಗುಡ್ಡ ಕುಸಿದ ಜಾಗ ಇವಕ್ಕೆ ಇಷ್ಟ. ಯೂರೋಪ್, ಏಷ್ಯಾ, ಉತ್ತರ ಅಮೆರಿಕದಲ್ಲಿ ಜಾಸ್ತಿ, ಆಂಡೀಸ್ ಬೆಟ್ಟಗಳಲ್ಲೂ ಇವೆ.

ಭಾರತದಲ್ಲಿ ನೋಡಬೇಕಾದರೆ ಹಿಮಾಲಯಕ್ಕೆ ಹೋಗಬೇಕು. ಪೂರ್ವದ ಕಡೆ ಆಲ್ನಸ್ ನೇಪಾಲೆನ್ಸಿಸ್ ಸಿಗುತ್ತದೆ, ನೇಪಾಳಿಯಲ್ಲಿ ಅದು 'ಉತಿಸ್'. ಸಿಕ್ಕಿಂನಲ್ಲಿ ದೊಡ್ಡ ಏಲಕ್ಕಿ ತೋಟಕ್ಕೆ ಅದರದೇ ನೆರಳು. ನಾಗಾಲ್ಯಾಂಡಿನ ಖೊನೊಮಾದಲ್ಲಿ ಅಂಗಾಮಿ ರೈತರು ಜೂಮ್ ಹೊಲದ (ಕಾಡು ಕಡಿದು ಸುಟ್ಟು ಮಾಡುವ ಹೊಲ) ನಡುವೆ ಈ ಮರ ಉಳಿಸಿಕೊಂಡು, ತಲೆ ಸವರಿ, ಮತ್ತೆ ಚಿಗುರಿಸುತ್ತಾರೆ. ಪಶ್ಚಿಮ ಹಿಮಾಲಯದಲ್ಲಿ ಇರುವುದು ಆಲ್ನಸ್ ನಿಟಿಡಾ.

ನಮ್ಮ ಕರಾವಳಿಯ ಗಾಳಿ ಮರ, ಅಂದರೆ ಸರ್ವೆ, ಇದಕ್ಕೆ ದೂರದ ಸಂಬಂಧಿ. ಎರಡರ ಬೇರುಗಂಟಿನಲ್ಲೂ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಕೂತು ಗಾಳಿಯ ಸಾರಜನಕವನ್ನು ಗೊಬ್ಬರ ಮಾಡಿಕೊಡುತ್ತದೆ.

ಒಟ್ಟು ಎಷ್ಟು ಆಲ್ಡರ್ ಪ್ರಭೇದಗಳಿವೆ? ಒಂದೊಂದು ಕಡೆ ಒಂದೊಂದು ಸಂಖ್ಯೆ ಕಾಣ್ತಿದೆ

ಕಾಣಲೇಬೇಕು. ಕೆಲವರು 26 ಅನ್ನುತ್ತಾರೆ, ಕೆಲವರು 35ರ ಆಸುಪಾಸು. ಮರ ಹೆಚ್ಚು ಕಡಿಮೆ ಆಗಿಲ್ಲ, ಗೆರೆ ಎಳೆಯುವವರು ಬೇರೆ ಬೇರೆ. ಒಬ್ಬರು ಪ್ರಭೇದ ಅಂದದ್ದನ್ನು ಇನ್ನೊಬ್ಬರು ಉಪಪ್ರಭೇದ ಅನ್ನುತ್ತಾರೆ. ಉತ್ತರ ಅಮೆರಿಕದ ಬೂದು ಆಲ್ಡರ್‌ಗಳನ್ನು ಯೂರೋಪಿನ ಆಲ್ನಸ್ ಇನ್ಕಾನಾಕ್ಕೆ ಸೇರಿಸಬೇಕೋ, ಬೇರೆ ಇಡಬೇಕೋ ಅನ್ನುವುದು ಇಂಥದೇ ಹಳೆಯ ಜಗಳ.

ಎಲೆ, ತೊಗಟೆ, ಕಾಯಿ ನೋಡಿದ್ರೆ ಗೊತ್ತಾಗಲ್ವಾ? ಡಿಎನ್‌ಎ ಯಾಕೆ?

ಎಷ್ಟೋ ಸಲ ಗೊತ್ತಾಗುತ್ತದೆ. ಯೂರೋಪಿನ ಕಪ್ಪು ಆಲ್ಡರ್, ಅಂದರೆ ಆಲ್ನಸ್ ಗ್ಲುಟಿನೋಸಾ, ಅದರ ಎಲೆಯ ತುದಿ ಚೂಪಿರುವುದಿಲ್ಲ, ಒಳಕ್ಕೆ ಸ್ವಲ್ಪ ಕಚ್ಚಿದಂತೆ ಇರುತ್ತದೆ. ಎಳೆ ಚಿಗುರು ಮುಟ್ಟಿದರೆ ಅಂಟು ಅಂಟು. ಬೂದು ಆಲ್ಡರ್, ಅಂದರೆ ಆಲ್ನಸ್ ಇನ್ಕಾನಾ, ಅದರ ಎಲೆಯ ತುದಿ ಚೂಪು, ಅಡಿಭಾಗ ಬೂದು ಬಣ್ಣ, ತೊಗಟೆ ನುಣುಪು. ಒಳ್ಳೆ ಮರ ಎದುರಿಗಿದ್ದರೆ ಡಿಎನ್‌ಎ ಮಾತೇ ಬೇಡ.

ಕಷ್ಟ ಬರುವುದು ಮೂರು ಕಡೆ. ಒಂದು, ಕೈಗೆ ಸಿಕ್ಕಿದ್ದು ಬರೀ ಸಸಿ, ಬೇರು ಅಥವಾ ಒಣ ಎಲೆಯ ಚೂರು. ಎರಡು, ಎರಡು ಪ್ರಭೇದ ಬೆರೆತು ಹುಟ್ಟಿದ ಮರ, ಅದರ ಎಲೆ ಅತ್ತಲೂ ಅಲ್ಲ ಇತ್ತಲೂ ಅಲ್ಲ. ಮೂರನೆಯದು, ನೋಟದಲ್ಲಿ ಅಣ್ಣತಮ್ಮಂದಿರಂತೆ ಇರುವ ಪ್ರಭೇದಗಳು. ತೈವಾನಿನ ಆಲ್ನಸ್ ಫಾರ್ಮೋಸಾನಾ, ಪೂರ್ವ ಏಷ್ಯಾದ ಆಲ್ನಸ್ ಜಪೋನಿಕಾ, ಅಮೆರಿಕದ ಆಲ್ನಸ್ ಮ್ಯಾರಿಟಿಮಾ ಇವನ್ನು ಹಿಂದಿನ ಸಸ್ಯಶಾಸ್ತ್ರಿಗಳು ಗೊಂದಲ ಮಾಡಿಕೊಂಡಿದ್ದರು. ಮೊದಲಿನ ಎರಡನ್ನೂ ಅಮೆರಿಕದ ಮರದ ಬಗೆಗಳೆಂದೇ ಹೆಸರಿಸಿದ್ದವರಿದ್ದಾರೆ. ನಡುವೆ ಇಡೀ ಪೆಸಿಫಿಕ್ ಸಾಗರ ಇದೆ ನೋಡಿ!

ಈ 'ಮಾರ್ಕರ್' ಅಂದ್ರೆ ನಿಜವಾಗಿ ಏನು?

ಇಡೀ ಡಿಎನ್‌ಎಯಲ್ಲಿ ನಾವು ಆರಿಸಿಕೊಂಡು ನೋಡುವ ಒಂದು ತುಂಡು. ಎರಡು ಪ್ರಭೇದಗಳಲ್ಲಿ ಅದೇ ತುಂಡನ್ನು ಓದಿ, ಎಲ್ಲಿ ಡಿಎನ್‌ಎಯ ಅಕ್ಷರ (ಎ, ಟಿ, ಜಿ, ಸಿ) ಬದಲಾಗಿದೆ, ಎಲ್ಲಿ ಬಿಟ್ಟುಹೋಗಿದೆ ಅಂತ ಹೋಲಿಸುತ್ತೇವೆ. ಅದು ಜೀನ್ ಆಗಿರಬಹುದು, ಎರಡು ಜೀನ್‌ಗಳ ನಡುವಿನ ಖಾಲಿ ಜಾಗವೂ ಆಗಿರಬಹುದು. ಖಾಲಿ ಜಾಗದ ಮೇಲೆ ಒತ್ತಡ ಕಡಿಮೆ, ಹಾಗಾಗಿ ಅಲ್ಲಿ ಬದಲಾವಣೆ ಬೇಗ ಸೇರಿಕೊಳ್ಳುತ್ತದೆ. ಹತ್ತಿರದ ಪ್ರಭೇದಗಳನ್ನು ಬೇರೆ ಮಾಡಲು ಇಂಥ ಜಾಗವೇ ಬೇಕು.

## ಯಾವ ಮಾರ್ಕರ್, ಯಾಕೆ

ಪ್ರಾಣಿಗಳಿಗೆ ಒಂದೇ ಜೀನ್ ಸಾಕಂತೆ. ಮರಕ್ಕೆ ಯಾಕೆ ಸಾಕಾಗಲ್ಲ?

2003ರಲ್ಲಿ ಪ್ರಾಣಿಗಳಿಗೆ ಸಿಒಐ ಎಂಬ ಮೈಟೋಕಾಂಡ್ರಿಯಾದ ಜೀನ್ ಬಾರ್‌ಕೋಡ್ ಆಗಿ, ಅಂದರೆ ಪ್ರಭೇದ ಗುರುತಿಸಲು ಎಲ್ಲರೂ ಓದುವ ತುಂಡಾಗಿ ಬಂತು. ಚಿಟ್ಟೆ, ಮೀನು, ಹಕ್ಕಿಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಗಿಡಮರಗಳಲ್ಲಿ ಮೈಟೋಕಾಂಡ್ರಿಯಾದ ಜೀನ್‌ಗಳು ತುಂಬಾ ನಿಧಾನವಾಗಿ ಬದಲಾಗುತ್ತವೆ. ಓದಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಅದಕ್ಕೇ 2009ರಲ್ಲಿ ಸಸ್ಯಗಳಿಗೆ ಕ್ಲೋರೋಪ್ಲಾಸ್ಟಿನ ಎರಡು ಜೀನ್ ಸೂಚಿಸಿದರು: ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ. ಕುಟುಂಬ, ಕುಲದ ಮಟ್ಟಕ್ಕೆ ಇವು ಸರಿ. ಆಲ್ಡರ್‌ನಂಥ ಕುಲದೊಳಗೆ ಪ್ರಭೇದ ಬಿಡಿಸಲು ಹೋದರೆ ಕೈಕೊಡುತ್ತವೆ.

ಆಲ್ಡರ್‌ಗೆ ಯಾವುದು ಬೆಸ್ಟ್? ಒಂದೇ ಹೆಸರು ಹೇಳಿ ಸರ್

ಒಂದೇ ಹೆಸರು ಕೇಳಿದರೆ ಐಟಿಎಸ್. ಆದರೆ ಒಂದೇ ಹೆಸರಿಗೆ ನಿಲ್ಲಬೇಡಿ.

ಇದಕ್ಕೆ ಒಳ್ಳೆ ಆಧಾರ ಇದೆ. ಚೀನಾದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಕೆಲಸದಲ್ಲಿ 131 ಮಾದರಿ ತೆಗೆದುಕೊಂಡು, ನಾಲ್ಕು ಮಾರ್ಕರ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು ಪರೀಕ್ಷಿಸಿದರು. ಪ್ರಭೇದ ಬೇರೆ ಮಾಡುವ ಶಕ್ತಿ ಹೀಗೆ ಬಂತು: ಆರ್‌ಬಿಸಿಎಲ್ ಶೇ. 10, ಮ್ಯಾಟ್‌ಕೆ ಶೇ. 31.25, ಟಿಆರ್‌ಎನ್‌ಎಚ್-ಪಿಎಸ್‌ಬಿಎ ಶೇ. 63.6, ಐಟಿಎಸ್ ಶೇ. 76.9. ಅಂದರೆ ಜಗತ್ತಿಗೆಲ್ಲ ಸೂಚಿಸಿದ ಬಾರ್‌ಕೋಡ್ ಜೋಡಿಯೇ ಇಲ್ಲಿ ಹಿಂದೆ ಬಿತ್ತು.

ಐಟಿಎಸ್ ನ್ಯೂಕ್ಲಿಯಸ್‌ನಲ್ಲಿ ಇದೆ, ರೈಬೋಸೋಮ್ ಜೀನ್‌ಗಳ ನಡುವೆ. ಒಂದೊಂದು ಕೋಶದಲ್ಲೂ ಅದರ ಪ್ರತಿಗಳು ಸಾಕಷ್ಟು ಇರುತ್ತವೆ, ಹಾಗಾಗಿ ಹಳೆ ಒಣ ಎಲೆಯಲ್ಲೂ ಸಿಗುವ ಸಾಧ್ಯತೆ ಜಾಸ್ತಿ. ಟಿಆರ್‌ಎನ್‌ಎಚ್-ಪಿಎಸ್‌ಬಿಎ ಕ್ಲೋರೋಪ್ಲಾಸ್ಟಿನ ಎರಡು ಜೀನ್‌ಗಳ ನಡುವಿನ ಜಾಗ. ಬದಲಾವಣೆ ತುಂಬಾ ಇದೆ, ಆದರೆ ತಲೆನೋವೂ ಇದೆ. ಅಕ್ಷರಗಳು ಸೇರುತ್ತವೆ, ಬಿಟ್ಟುಹೋಗುತ್ತವೆ, ಸಣ್ಣ ತುಂಡು ತಿರುಗುಮುರುಗಾಗುತ್ತದೆ. ಸಾಲು ಹೊಂದಿಸುವಾಗ ಕಂಪ್ಯೂಟರ್ ಹೇಳಿದ್ದನ್ನು ಸುಮ್ನೆ ಒಪ್ಪಿಕೊಂಡರೆ ಒಂದು ತಿರುವನ್ನು ಹತ್ತು ವ್ಯತ್ಯಾಸ ಅಂತ ಎಣಿಸಿಬಿಡುತ್ತದೆ. ಕಣ್ಣಲ್ಲಿ ನೋಡಿಯೇ ಸರಿ ಮಾಡಬೇಕು.

ಆ ಕೆಲಸದ ತೀರ್ಮಾನ: ಐಟಿಎಸ್ ಮತ್ತು ಟಿಆರ್‌ಎನ್‌ಎಚ್-ಪಿಎಸ್‌ಬಿಎ ಎರಡನ್ನೂ ಜೊತೆಗೆ ಬಳಸಿ. ಅವರು 26 ಪ್ರಭೇದ ಎಂದು ಲೆಕ್ಕ ಹಿಡಿದಿದ್ದರು, ಅದರಲ್ಲಿ 23ಕ್ಕೆ ತಮ್ಮದೇ ಗುರುತು ಸಿಕ್ಕಿತು. ಮೇಲೆ ಹೇಳಿದ ಫಾರ್ಮೋಸಾನಾ, ಜಪೋನಿಕಾ, ಮ್ಯಾರಿಟಿಮಾ ಗೊಂದಲವೂ ಬಗೆಹರಿಯಿತು.

ಕ್ಲೋರೋಪ್ಲಾಸ್ಟ್ ಒಂದು ಪ್ರಭೇದ ಅನ್ನುತ್ತೆ, ನ್ಯೂಕ್ಲಿಯಸ್ ಇನ್ನೊಂದು ಅನ್ನುತ್ತೆ. ಯಾವುದನ್ನ ನಂಬೋದು?

ಎರಡೂ ನಿಜವನ್ನೇ ಹೇಳುತ್ತಿವೆ, ಬೇರೆ ಬೇರೆ ಪ್ರಶ್ನೆಗೆ. ನನಗೆ ಬರುವ ಗೊಂದಲದಲ್ಲಿ ಅರ್ಧಕ್ಕರ್ಧ ಇದೇ.

ಆಲ್ಡರ್‌ನಲ್ಲಿ ಕ್ಲೋರೋಪ್ಲಾಸ್ಟ್ ಬರುವುದು ತಾಯಿಯಿಂದ, ಅಂದರೆ ಬೀಜದ ಜೊತೆ. ನ್ಯೂಕ್ಲಿಯಸ್ ಡಿಎನ್‌ಎ ಇಬ್ಬರಿಂದಲೂ ಬರುತ್ತದೆ. ಈಗ ಹೀಗೆ ಯೋಚಿಸಿ. ಕಪ್ಪು ಆಲ್ಡರ್ ಹೂವಿನ ಮೇಲೆ ಬೂದು ಆಲ್ಡರ್‌ನ ಪರಾಗ ಬಿತ್ತು, ಬೆರಕೆ ಮರ ಹುಟ್ಟಿತು. ಅದರ ಕ್ಲೋರೋಪ್ಲಾಸ್ಟ್ ಕಪ್ಪಿನದು. ಆ ಮರಕ್ಕೆ ಮತ್ತೆ ಬೂದಿನ ಪರಾಗ, ಅದರ ಮಗಳಿಗೂ ಬೂದಿನ ಪರಾಗ. ಹೀಗೇ ಹಲವು ತಲೆಮಾರು ಹೋದರೆ ಎಲೆ, ಕಾಯಿ, ನ್ಯೂಕ್ಲಿಯಸ್ ಎಲ್ಲ ಬೂದು ಆಲ್ಡರ್‌ನದೇ. ಕ್ಲೋರೋಪ್ಲಾಸ್ಟ್ ಮಾತ್ರ ಮೊದಲ ಅಜ್ಜಿಯದು.

ಬೀಜ ಹತ್ತಿರದಲ್ಲೇ ಬೀಳುತ್ತದೆ ಅಥವಾ ಹೊಳೆಯ ಗುಂಟ ತೇಲಿ ಹೋಗುತ್ತದೆ. ಪರಾಗ ಗಾಳಿಯಲ್ಲಿ ದೂರ ದೂರ ಹಾರುತ್ತದೆ. ಹೀಗಾಗಿ ಒಂದೇ ಕಣಿವೆಯ ಬೇರೆ ಬೇರೆ ಪ್ರಭೇದಗಳು ಒಂದೇ ಕ್ಲೋರೋಪ್ಲಾಸ್ಟ್ ಹಂಚಿಕೊಂಡಿರಬಹುದು. ಯೂರೋಪಿನ ಓಕ್ ಮರಗಳಲ್ಲಿ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ನಮ್ಮಲ್ಲಿ ಹೆಸರಿನ ಮುಂದೆ ಊರಿನ ಇನಿಶಿಯಲ್ ಇಡುತ್ತಾರಲ್ಲ, ಹಾಗೆ ಇದು. ಇಬ್ಬರಿಗೂ ಒಂದೇ ಅಕ್ಷರ ಇದ್ದರೆ ಒಂದೇ ಊರಿನವರು ಅನ್ನಬಹುದು, ಒಂದೇ ಮನೆಯವರು ಅನ್ನೋಕಾಗಲ್ಲ.

ಪ್ರಭೇದ ಯಾವುದು ಅನ್ನುವ ಪ್ರಶ್ನೆಗೆ ನ್ಯೂಕ್ಲಿಯಸ್ ಕಡೆ ವಾಲಿ. ಎರಡೂ ಹೊಂದದೆ ಇದ್ದರೆ ಅದನ್ನು ಮುಚ್ಚಿಡಬೇಡಿ, ಅದೇ ನಿಮ್ಮ ಫಲಿತಾಂಶ.

ಹಾಗಾದ್ರೆ ಕ್ಲೋರೋಪ್ಲಾಸ್ಟ್ ಮಾರ್ಕರ್ ವೇಸ್ಟಾ?

ಖಂಡಿತ ಅಲ್ಲ. ಮರಗಳು ಎಲ್ಲಿಂದ ಬಂದವು ಅಂತ ಕೇಳುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. 1998ರಲ್ಲಿ ಯೂರೋಪಿನ 101 ಕಡೆಗಳ ಕಪ್ಪು ಆಲ್ಡರ್ ನೋಡಿದಾಗ 13 ಬಗೆಯ ಕ್ಲೋರೋಪ್ಲಾಸ್ಟ್ ಸಿಕ್ಕವು. ಹಿಮಯುಗ ಮುಗಿದ ಮೇಲೆ ಉತ್ತರ ಮತ್ತು ಮಧ್ಯ ಯೂರೋಪಿನ ಬಹುಭಾಗಕ್ಕೆ ಈ ಮರ ಹರಡಿದ್ದು ಕಾರ್ಪಾಥಿಯನ್ ಬೆಟ್ಟಗಳ ಕಡೆಯಿಂದ ಅಂತ ಅದರಿಂದ ಕಂಡುಬಂತು. ಐಟಿಎಸ್‌ನಿಂದ ಈ ಕಥೆ ಹೊರಡುವುದಿಲ್ಲ.

## ಎಲೆಯಿಂದ ಅಕ್ಷರದವರೆಗೆ

ಎಲೆ ಜಿಪ್ ಕವರ್‌ಗೆ ಹಾಕಿಟ್ರೆ ಕಪ್ಪಾಗ್ತಿದೆ. ಹೇಗೆ ಇಡಬೇಕು?

ಹಸಿ ಎಲೆಯನ್ನು ಹಾಗೇ ಕವರ್‌ಗೆ ಹಾಕಿದರೆ ಬೆವರಿ ಕೊಳೆಯುತ್ತದೆ. ಸಿಲಿಕಾ ಜೆಲ್ ಜೊತೆ ಹಾಕಿ. ಎಲೆಯ ತೂಕದ ಹತ್ತರಷ್ಟು ಜೆಲ್ ಇರಲಿ. ಎಳೆ ಎಲೆ ಆರಿಸಿ, ದಪ್ಪ ನಡುನರ ಬಿಟ್ಟು ಚೂರು ಮಾಡಿ. ಬಣ್ಣ ಬದಲಾಗುವ ಜೆಲ್ ಮಣಿಗಳನ್ನು ಸ್ವಲ್ಪ ಬೆರೆಸಿದರೆ ತೇವ ಹೀರಿ ಮುಗಿದದ್ದು ಗೊತ್ತಾಗುತ್ತದೆ. ಮುರಿದರೆ ಟಪ್ ಅಂತ ಸದ್ದು ಬರಬೇಕು, ಬಾಗಿದರೆ ಇನ್ನೂ ಒಣಗಿಲ್ಲ.

ಅದೇ ಕೊಂಬೆಯಿಂದ ಎಲೆ, ಕಾಯಿ ಸಮೇತ ಒಂದು ಹರ್ಬೇರಿಯಂ ಹಾಳೆ (ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿ) ಮಾಡಲೇಬೇಕು. ಡಿಎನ್‌ಎ ಇದ್ದು ಮರದ ಗುರುತಿಗೆ ಹಾಳೆ ಇಲ್ಲದಿದ್ದರೆ, ನಾಳೆ ಯಾರಾದರೂ ಅನುಮಾನ ಪಟ್ಟಾಗ ತೋರಿಸಲು ಏನೂ ಇರುವುದಿಲ್ಲ.

ಒಂದು ಪ್ರಭೇದಕ್ಕೆ ಒಂದು ಮರ ಸಾಕಾ?

ಸಾಕಾಗಲ್ಲ. ಒಂದೇ ಪ್ರಭೇದದೊಳಗೆ ಎಷ್ಟು ವ್ಯತ್ಯಾಸ ಇದೆ ಅಂತ ಗೊತ್ತಿಲ್ಲದೆ, ಎರಡು ಪ್ರಭೇದಗಳ ನಡುವೆ ಇರುವ ವ್ಯತ್ಯಾಸಕ್ಕೆ ಬೆಲೆ ಇಲ್ಲ. ಬೇರೆ ಬೇರೆ ಊರುಗಳಿಂದ ಮಾದರಿ ತನ್ನಿ.

ಬೂದು ಆಲ್ಡರ್ ವಿಷಯದಲ್ಲಿ ಇನ್ನೊಂದು ಎಚ್ಚರ. ಅದು ಬೇರಿನಿಂದ ಕುಡಿ ಎಬ್ಬಿಸಿ ಹಬ್ಬುತ್ತದೆ. ಅಕ್ಕಪಕ್ಕದ ಹತ್ತು ಮರ ಅಂತ ನೀವು ತಂದದ್ದು ನಿಜಕ್ಕೂ ಒಂದೇ ಮರ ಆಗಿರಬಹುದು.

ಡಿಎನ್‌ಎ ಕಂದು ಬಣ್ಣಕ್ಕೆ ಬಂತು, ಅಂಟಂಟಾಗಿದೆ, ಪಿಸಿಆರ್ ಆಗ್ತಾ ಇಲ್ಲ

ಪಿಸಿಆರ್ ಅಂದರೆ ಡಿಎನ್‌ಎಯ ಬೇಕಾದ ತುಂಡನ್ನು ಲೆಕ್ಕವಿಲ್ಲದಷ್ಟು ಪ್ರತಿ ಮಾಡುವ ವಿಧಾನ. ಆಲ್ಡರ್ ಎಲೆಯಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಜಾಸ್ತಿ. ಅರೆದ ಕೂಡಲೇ ಗಾಳಿ ಸೋಕಿ ಕಂದಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಹಸಿ ಮರ ಕಡಿದಾಗ ಬಿಳಿ ಮೈ ಸ್ವಲ್ಪ ಹೊತ್ತಿಗೆ ಕೆಂಪಗೆ ತಿರುಗುವುದಕ್ಕೂ ಒಳಗಿನ ಇಂಥ ವಸ್ತುಗಳೇ ಕಾರಣ.

ಎಲೆಯಿಂದ ಡಿಎನ್‌ಎ ತೆಗೆಯಲು ಸಿಟಿಎಬಿ ವಿಧಾನ ಬಳಸುವುದಾದರೆ ಬಫರ್‌ಗೆ ಪಿವಿಪಿ ಹಾಕಿ, ಅದು ಟ್ಯಾನಿನ್ ಹಿಡಿದುಕೊಳ್ಳುತ್ತದೆ. ಬೀಟಾ-ಮರ್‌ಕ್ಯಾಪ್ಟೋಎಥನಾಲ್ ಅನ್ನು ಬಳಸುವ ಹೊತ್ತಿಗೆ ಸೇರಿಸಿ, ಹುಡ್ ಕೆಳಗೇ ಸೇರಿಸಿ, ವಾಸನೆ ಸಹಿಸೋಕಾಗಲ್ಲ. ಎಲೆ ಪೂರ್ತಿ ಹುಡಿಯಾಗುವವರೆಗೆ ಬಫರ್ ಹಾಕಬೇಡಿ.

ಇಷ್ಟಾದರೂ ಪಿಸಿಆರ್ ಆಗದಿದ್ದರೆ ಡಿಎನ್‌ಎ ಕಡಿಮೆ ಇದೆ ಅಂದುಕೊಂಡು ಇನ್ನಷ್ಟು ಸುರಿಯುವುದು ಎಲ್ಲರೂ ಮಾಡುವ ಕೆಲಸ. ಉಲ್ಟಾ ಮಾಡಿ ನೋಡಿ, ಹತ್ತು ಪಟ್ಟು ತೆಳು ಮಾಡಿ. ಡಿಎನ್‌ಎ ಜೊತೆ ತಡೆಯುವ ವಸ್ತುವೂ ತೆಳುವಾಗುತ್ತದೆ. ಸ್ವಲ್ಪ ಬಿಎಸ್‌ಎ ಎಂಬ ಪ್ರೋಟೀನ್ ಸೇರಿಸಿದರೂ ಅನುಕೂಲ.

ಬ್ಯಾಂಡ್ ಚೆನ್ನಾಗಿ ಬಂತು. ಬ್ಲಾಸ್ಟ್ ಮಾಡಿದ್ರೆ ಶಿಲೀಂಧ್ರ ಅಂತ ತೋರಿಸ್ತಿದೆ! ಎಲ್ಲಿ ತಪ್ಪಾಯ್ತು?

ಬ್ಲಾಸ್ಟ್ ಅಂದರೆ ನೀವು ಓದಿದ ಅಕ್ಷರಸಾಲನ್ನು ಡೇಟಾಬೇಸಿನ ಸಾಲುಗಳ ಜೊತೆ ಹೋಲಿಸುವ ತಂತ್ರಾಂಶ. ತಪ್ಪು ನಿಮ್ಮದಲ್ಲ, ಪ್ರೈಮರ್‌ನದು, ಅಂದರೆ ಯಾವ ತುಂಡನ್ನು ಪ್ರತಿ ಮಾಡಬೇಕು ಅಂತ ಪಿಸಿಆರ್‌ಗೆ ತೋರಿಸುವ ಚಿಕ್ಕ ಡಿಎನ್‌ಎ ಚೂರಿನದು. ಎಲ್ಲರೂ ಬಳಸುವ ಹಳೆಯ ಐಟಿಎಸ್ ಪ್ರೈಮರ್‌ಗಳು ಗಿಡಕ್ಕೂ ಹೊಂದುತ್ತವೆ, ಶಿಲೀಂಧ್ರಕ್ಕೂ ಹೊಂದುತ್ತವೆ. ಎಲೆಯೊಳಗೆ ಕಣ್ಣಿಗೆ ಕಾಣದ ಶಿಲೀಂಧ್ರಗಳು ಸದಾ ಇರುತ್ತವೆ. ಕಪ್ಪು ಆಲ್ಡರ್ ಎಲೆ ಉಬ್ಬಿ ಗುಳ್ಳೆಯಾಗುವುದಕ್ಕೆ ಕಾರಣ ಟ್ಯಾಫ್ರಿನಾ ಎಂಬ ಶಿಲೀಂಧ್ರ. ಅಂಥ ಎಲೆ ತಂದರಂತೂ ಮುಗಿದೇ ಹೋಯಿತು. ಕಲೆ ಇಲ್ಲದ ಎಳೆ ಎಲೆ ಆರಿಸಿ, ಸಸ್ಯಕ್ಕಷ್ಟೇ ಹೊಂದುವ ಪ್ರೈಮರ್ ಬಳಸಿ.

ಜೆನ್‌ಬ್ಯಾಂಕ್‌ನಲ್ಲಿ ಶೇ. 100 ಹೊಂದಿಕೆ ಬಂತು. ಪ್ರಭೇದ ಪಕ್ಕಾ ಅಲ್ವಾ?

ಅಲ್ಲ. ಜೆನ್‌ಬ್ಯಾಂಕ್ ಅಂದರೆ ಎಲ್ಲರೂ ತಾವು ಓದಿದ ಡಿಎನ್‌ಎ ಸಾಲು ಹಾಕುವ ಸಾರ್ವಜನಿಕ ಭಂಡಾರ. ಹೊಂದಿಕೆಯ ಪಟ್ಟಿಯ ಮೊದಲ ಸಾಲು ನೋಡಿ ನಿಲ್ಲಿಸಬೇಡಿ, ಕೆಳಗೆ ಇಳಿಯಿರಿ. ಆರ್‌ಬಿಸಿಎಲ್ ಹಾಕಿದ್ದರೆ ಆರೇಳು ಪ್ರಭೇದಗಳು ಅದೇ ಶೇ. 100 ತೋರಿಸುತ್ತಿರಬಹುದು. ಆಗ ನಿಮಗೆ ಗೊತ್ತಾದದ್ದು 'ಇದು ಆಲ್ಡರ್' ಅಂತ ಅಷ್ಟೇ. ಜೆನ್‌ಬ್ಯಾಂಕಿಗೆ ಯಾರು ಏನು ಹೆಸರು ಕೊಟ್ಟು ಹಾಕಿದರೋ ಅದೇ ಹೆಸರಲ್ಲಿ ಕೂತಿರುತ್ತದೆ. ತೋಟದಿಂದ ತಂದ, ತಪ್ಪು ಫಲಕ ಹಾಕಿದ ಮರದ ದಾಖಲೆಗಳೂ ಇರುತ್ತವೆ. ಹರ್ಬೇರಿಯಂ ಹಾಳೆಯ ಸಂಖ್ಯೆ ಕೊಟ್ಟಿರುವ ದಾಖಲೆಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

## ಇನ್ನೂ ಆಳಕ್ಕೆ

ಬೆರಕೆ ಮರ ಅಂತ ಡಿಎನ್‌ಎಯಲ್ಲಿ ಹೇಗೆ ಗೊತ್ತಾಗುತ್ತೆ?

ಕಪ್ಪು ಮತ್ತು ಬೂದು ಆಲ್ಡರ್ ಬೆರೆತ ಮರಕ್ಕೆ ಆಲ್ನಸ್ × ಪ್ಯೂಬಿಸೆನ್ಸ್ ಅಂತ ಹೆಸರು. ಮೊದಲ ತಲೆಮಾರಿನ ಬೆರಕೆಯ ಐಟಿಎಸ್ ಓದಿದಾಗ ಯಂತ್ರ ಕೊಡುವ ಗ್ರಾಫ್ ತೆರೆದು ನೋಡಿ, ಅದರಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣದ ಶಿಖರ ಇರುತ್ತದೆ. ಒಂದು ಪ್ರಭೇದದಲ್ಲಿ ಸಿ, ಇನ್ನೊಂದರಲ್ಲಿ ಟಿ ಇರುವ ಜಾಗದಲ್ಲಿ ನೀಲಿ ಮತ್ತು ಕೆಂಪು ಶಿಖರಗಳು ಒಂದರ ಮೇಲೊಂದು ನಿಂತಿರುತ್ತವೆ. ತಂತ್ರಾಂಶ ಅಲ್ಲಿ 'ಎನ್' ಅಂತ ಬರೆದು ಮುಂದೆ ಹೋಗುತ್ತದೆ. ಬಹಳ ಮಂದಿ ಅದನ್ನು ಗಲೀಜು ಡೇಟಾ ಅಂತ ಬಿಸಾಡುತ್ತಾರೆ. ಎರಡು ಪ್ರಭೇದ ಬೇರೆಯಾಗುವ ಜಾಗಗಳಲ್ಲೇ ಜೋಡಿ ಶಿಖರ ಬಂದು, ಉಳಿದೆಡೆ ಗ್ರಾಫ್ ಸ್ವಚ್ಛ ಇದ್ದರೆ ಅದು ಗಲೀಜಲ್ಲ, ಬೆರಕೆಯ ಸಹಿ.

ಮುಂದಿನ ತಲೆಮಾರುಗಳಲ್ಲಿ ಐಟಿಎಸ್ ನಂಬೋಕಾಗಲ್ಲ. ಅದರ ಪ್ರತಿಗಳು ಕಾಲ ಕಳೆದಂತೆ ಒಂದೇ ರೂಪಕ್ಕೆ ಬಂದುಬಿಡುತ್ತವೆ, ಬೆರಕೆಯ ಕುರುಹು ಅಳಿಸುತ್ತದೆ. ಆಗ ಮೈಕ್ರೋಸ್ಯಾಟಲೈಟ್ ಬೇಕು. ಎರಡು ಮೂರು ಅಕ್ಷರ ಮತ್ತೆ ಮತ್ತೆ ಬರುವ ಇಂಥ ಜಾಗಗಳನ್ನು ಹತ್ತು ಹನ್ನೆರಡು ಕಡೆ ನೋಡಿದರೆ, ಪ್ರತಿ ಮರದಲ್ಲಿ ಯಾರ ಪಾಲು ಎಷ್ಟು ಅಂತ ಲೆಕ್ಕ ಹಾಕಬಹುದು. ಸ್ಟ್ರಕ್ಚರ್, ನ್ಯೂಹೈಬ್ರಿಡ್ಸ್ ಎಂಬ ತಂತ್ರಾಂಶಗಳು ಇದಕ್ಕೇ ಇವೆ.

ಆಲ್ಡರ್ ಲೋಕದಲ್ಲಿ ಬೆರಕೆ ಬರೀ ಮರಗಳದಲ್ಲ. 1993ರಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಆಲ್ಡರ್‌ಗಳನ್ನು ಸಾಯಿಸುತ್ತಿದ್ದ ಒಂದು ಫೈಟಾಫ್ತೊರಾ (ಶಿಲೀಂಧ್ರದಂತೆ ಕಾಣುವ ರೋಗಾಣು) ಕಂಡುಬಂತು. ಪರೀಕ್ಷೆ ಮಾಡಿ ನೋಡಿದರೆ ರೋಗಾಣುವೇ ಬೆರಕೆ!

ಯೂರೋಪಿನ ಕಪ್ಪು ಆಲ್ಡರ್ ಒಂದಲ್ಲ, ಮೂರು ಪ್ರಭೇದ ಅಂತೆ. ನಿಜಾನಾ?

ನಿಜ, ಮತ್ತು ಈ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಇದು. ಕಪ್ಪು ಆಲ್ಡರ್ ಯೂರೋಪಿನಲ್ಲಿ ಎಲ್ಲರಿಗೂ ಗೊತ್ತಿರುವ ಮರ. ಅದರಲ್ಲಿ ಹೊಸದೇನೂ ಉಳಿದಿಲ್ಲ ಅಂದುಕೊಂಡಿದ್ದರು. ಅದರ ಕ್ರೋಮೋಸೋಮ್ 28, ಅಂದರೆ 14ರ ಎರಡು ಗುಂಪು.

2013ರಲ್ಲಿ ಮೊರಾಕೊದ ಮರಗಳ ಮೈಕ್ರೋಸ್ಯಾಟಲೈಟ್ ನೋಡಿದ ಸಂಶೋಧಕರು ಅಲ್ಲಿನವು ಟೆಟ್ರಾಪ್ಲಾಯ್ಡ್, ಅಂದರೆ ನಾಲ್ಕು ಗುಂಪಿನವು ಎಂದು ತೋರಿಸಿದರು. ಸಾಧಾರಣ ಮರದಲ್ಲಿ ಒಂದು ಜಾಗಕ್ಕೆ ಹೆಚ್ಚೆಂದರೆ ಎರಡು ರೂಪ ಸಿಗಬೇಕು, ಒಂದು ತಾಯಿಯದು, ಒಂದು ತಂದೆಯದು. ಮೂರು, ನಾಲ್ಕು ರೂಪ ಒಂದೇ ಮರದಲ್ಲಿ, ಅದೂ ಹಲವು ಜಾಗಗಳಲ್ಲಿ ಬಂದರೆ ಅದನ್ನು ಮಾದರಿ ಬೆರೆತುಹೋಗಿದೆ ಅಂತ ತಳ್ಳಿಹಾಕಲು ಬರುವುದಿಲ್ಲ. ಆಮೇಲೆ ಐಬೀರಿಯಾದಲ್ಲೂ (ಸ್ಪೇನ್, ಪೋರ್ಚುಗಲ್) ಬಾಲ್ಕನ್ ಪ್ರದೇಶದಲ್ಲೂ 56 ಕ್ರೋಮೋಸೋಮಿನ ಮರಗಳು ಸಿಕ್ಕವು. ಫ್ಲೋ ಸೈಟೋಮೆಟ್ರಿಯಿಂದ ಕೋಶದ ಡಿಎನ್‌ಎ ಪ್ರಮಾಣ ಅಳೆದರು, ಕ್ರೋಮೋಸೋಮ್ ಎಣಿಸಿದರು, ಎಲೆಗಳನ್ನು ಅಳೆದರು, ಮೈಕ್ರೋಸ್ಯಾಟಲೈಟ್ ಹೋಲಿಸಿದರು. ಎಲ್ಲ ಒಂದೇ ಕಡೆ ಬೆರಳು ತೋರಿಸಿದ ಮೇಲೆ, 2017ರಲ್ಲಿ ಎರಡು ಹೊಸ ಪ್ರಭೇದ ಹೆಸರಿಸಿದರು. ಐಬೀರಿಯಾ ಮತ್ತು ಮೊರಾಕೊ ಕಡೆಯದು ಆಲ್ನಸ್ ಲೂಸಿಟಾನಿಕಾ, ಬಾಲ್ಕನ್‌ನದು ಆಲ್ನಸ್ ರೋಲೆನೇ.

ಐಟಿಎಸ್ ಅಕ್ಷರ ಓದುವುದರಿಂದಲೇ ಈ ಗುಟ್ಟು ಹೊರಬರುತ್ತಿರಲಿಲ್ಲ. ಅಕ್ಷರ ಏನಿದೆ ಅಂತ ಅದು ಹೇಳುತ್ತದೆ, ಎಷ್ಟು ಪ್ರತಿ ಇದೆ ಅಂತ ಹೇಳುವುದಿಲ್ಲ.

ಡೆಲಾವೇರ್, ಒಕ್ಲಹೋಮಾ, ಜಾರ್ಜಿಯಾ ಮೂರು ಕಡೆ ಒಂದೇ ಮರ ಇರೋಕೆ ಹೇಗೆ ಸಾಧ್ಯ?

ಆಲ್ನಸ್ ಮ್ಯಾರಿಟಿಮಾ ಬಗ್ಗೆ ಕೇಳುತ್ತಿದ್ದೀರಿ. ಇವೆಲ್ಲ ಅಮೆರಿಕದ ರಾಜ್ಯಗಳು. ಡೆಲಾವೇರ್-ಮೇರಿಲ್ಯಾಂಡ್ ಕಡೆಯ ಕರಾವಳಿಯ ಹೊಳೆಗಳಲ್ಲಿ, ಒಕ್ಲಹೋಮಾದ ಸಣ್ಣ ಭಾಗದಲ್ಲಿ, ಜಾರ್ಜಿಯಾದ ಒಂದು ಜೌಗಿನಲ್ಲಿ ಮಾತ್ರ ಇದೆ. ಜಾರ್ಜಿಯಾದ್ದು ಬೆಳಕಿಗೆ ಬಂದದ್ದೇ 1990ರ ದಶಕದಲ್ಲಿ. ಉಳಿದ ಆಲ್ಡರ್‌ಗಳು ಹೆಚ್ಚಾಗಿ ಚಳಿಗಾಲದ ಕೊನೆಗೆ ಹೂ ಬಿಟ್ಟರೆ, ಇದು ಶರತ್ಕಾಲದಲ್ಲಿ ಬಿಡುತ್ತದೆ, ನಮ್ಮ ಹಿಮಾಲಯದ ಎರಡು ಪ್ರಭೇದಗಳ ಹಾಗೆ.

ಹಿಂದೆ ವ್ಯಾಪಕವಾಗಿದ್ದ ಮರ ಕುಗ್ಗಿ ಮೂರು ಚೂರಾಗಿ ಉಳಿದಿದೆ ಅನ್ನುವುದು ಒಂದು ವಿವರಣೆ. ಯಾರೋ ಸಾಗಿಸಿದರು ಅನ್ನುವುದು ಇನ್ನೊಂದು. 2002ರಲ್ಲಿ ಮೂರನ್ನೂ ಮೂರು ಉಪಪ್ರಭೇದ ಅಂತ ಹೆಸರಿಸಿದರು. ಆಮೇಲೆ ಐಎಸ್‌ಎಸ್‌ಆರ್ ಎಂಬ ಮಾರ್ಕರ್‌ಗಳಿಂದ ನೋಡಿದಾಗಲೂ ಆ ವಿಂಗಡಣೆಗೆ ಬೆಂಬಲ ಸಿಕ್ಕಿತು. ಇತ್ತೀಚೆಗೆ ಸಾಗಿಸಿದ್ದಾದರೆ ಇಷ್ಟು ಬೇರೆಯಾಗಿರಬೇಕಾಗಿರಲಿಲ್ಲ.

ಬೇರೆ ಪ್ರಭೇದ ಅನ್ನೋಕೆ ಎಷ್ಟು ಪರ್ಸೆಂಟ್ ವ್ಯತ್ಯಾಸ ಇರಬೇಕು?

ಅಂಥ ಸಂಖ್ಯೆ ಇಲ್ಲ. ಯಾರಾದರೂ ಶೇ. 2 ಅಂತ ಹೇಳಿದರೆ ಯಾವ ಮಾರ್ಕರ್‌ನಲ್ಲಿ ಅಂತ ಕೇಳಿ. ನೋಡಬೇಕಾದ್ದು ಅಂತರ. 2010ರ ಆ ಕೆಲಸದಲ್ಲಿ ಐಟಿಎಸ್‌ನ ಪ್ರಭೇದಗಳ ನಡುವಿನ ಸರಾಸರಿ ವ್ಯತ್ಯಾಸ, ಪ್ರಭೇದದೊಳಗಿನದರ ಹತ್ತು ಪಟ್ಟಿಗಿಂತ ಜಾಸ್ತಿ ಇತ್ತು. ಆದರೂ ಕೆಲವು ಜೋಡಿಗಳು ಬೇರೆಯಾಗಲೇ ಇಲ್ಲ. ಸರಾಸರಿ ಚೆನ್ನಾಗಿದ್ದ ಮಾತ್ರಕ್ಕೆ ನಿಮ್ಮ ಜೋಡಿಯೂ ಬೇರೆಯಾಗಬೇಕು ಅಂತಿಲ್ಲ.

ಒಂದೇ ಒಂದು ಅಕ್ಷರ ಸಾಕಾಗುವುದೂ ಉಂಟು. ಒಂದು ಪ್ರಭೇದದ ಎಲ್ಲ ಮರಗಳಲ್ಲಿ ಇದ್ದು, ಬೇರೆ ಯಾವುದರಲ್ಲೂ ಇಲ್ಲದ ಅಕ್ಷರ ಅದಾಗಿರಬೇಕು.

ಇಡೀ ಜೀನೋಮ್ ಓದೋ ಕಾಲದಲ್ಲಿ ಈ ಹಳೇ ಮಾರ್ಕರ್ ಯಾಕೆ?

ಕಪ್ಪು ಆಲ್ಡರ್‌ನ ಜೀನೋಮ್ 2018ರಲ್ಲೇ ಪ್ರಕಟವಾಗಿದೆ, ಸಾರಜನಕ ಹಿಡಿಯುವ ಗಿಡಗಳ ಹೋಲಿಕೆಯ ಭಾಗವಾಗಿ. ಅದೇ ಪಟ್ಟಿಯಲ್ಲಿ ನಮ್ಮ ಮುಟ್ಟಿದರೆ ಮುನಿಯೂ ಇತ್ತು. ಕೈಯಲ್ಲಿ ಹಣ, ಕಂಪ್ಯೂಟರ್, ಒಳ್ಳೆ ಡಿಎನ್‌ಎ ಇದ್ದರೆ ಜೀನೋಮಿನ ಸಾವಿರಾರು ಕಡೆ ಒಟ್ಟಿಗೆ ನೋಡಿ, ಯಾರು ಬೇಡ ಅಂದರು? ಹತ್ತಿರದ ಪ್ರಭೇದಗಳಿಗೆ ಅದೇ ಉತ್ತಮ. ಆದರೆ ನರ್ಸರಿಯಲ್ಲಿ ಸಸಿ ಯಾವುದು ಅಂತ ತಿಳಿಯಬೇಕಾದವರಿಗೆ, ಐವತ್ತು ವರ್ಷದ ಹರ್ಬೇರಿಯಂ ಎಲೆ ಇಟ್ಟುಕೊಂಡವರಿಗೆ ಎರಡು ಮಾರ್ಕರ್ ಸಾಕು. ಹಳೆ ಎಲೆಯ ಡಿಎನ್‌ಎ ಚೂರು ಚೂರಾಗಿರುತ್ತದೆ, ಚಿಕ್ಕ ತುಂಡೇ ಅಲ್ಲಿ ಕೈಹಿಡಿಯುವುದು.

ನಾನು ಬೆಂಗಳೂರಲ್ಲಿ ಓದ್ತಿದೀನಿ. ಆಲ್ಡರ್ ಇಲ್ಲದ ಊರಲ್ಲಿ ಇದನ್ನ ಕಲಿತು ಏನು ಮಾಡ್ಲಿ?

ಇದೇ ಕೈಕೆಲಸ ಗಂಧಿಗೆ ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಅಶೋಕದ ತೊಗಟೆ ಅಂತ ಮಾರುವುದರಲ್ಲಿ ಎಷ್ಟೋ ಸಲ ಕಂಬದ ಅಶೋಕದ ತೊಗಟೆ ಇರುತ್ತದೆ. ಪುಡಿ ಮಾಡಿದ ಮೇಲೆ ಕಣ್ಣಿಗೆ ಗೊತ್ತಾಗಲ್ಲ, ಮಾರ್ಕರ್‌ಗೆ ಗೊತ್ತಾಗುತ್ತದೆ. ಆ ಎರಡು ಮರಗಳು ಬೇರೆ ಬೇರೆ ಕುಟುಂಬದವು, ಹಾಗಾಗಿ ಆಲ್ಡರ್‌ನಲ್ಲಿ ಸೋತ ಆರ್‌ಬಿಸಿಎಲ್ ಅಲ್ಲಿ ಆರಾಮಾಗಿ ಗೆಲ್ಲುತ್ತದೆ.

ಹಿಮಾಲಯದ ಆಲ್ಡರ್ ಮೇಲೇ ಕೆಲಸ ಮಾಡುವ ಆಸೆ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲು. ಮಾದರಿಯನ್ನು ಹೊರದೇಶದ ಲ್ಯಾಬಿಗೆ ಕಳಿಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮ ಓದಿಕೊಳ್ಳಿ. ಹೂವು ಬೇಕಿದ್ದರೆ ಮಳೆ ಮುಗಿದ ಮೇಲೆ ಹೋಗಿ. ಹಿಂದಿನ ವರ್ಷದ ಕಾಯಿ ಮರದಲ್ಲೇ ಇರುತ್ತದೆ, ಹೊಸ ಹೂಗೊಂಚಲೂ ಜೋತಾಡುತ್ತಿರುತ್ತದೆ. ಎರಡನ್ನೂ ಒಂದೇ ಹಾಳೆಗೆ ಹಾಕಿಕೊಳ್ಳಬಹುದು.